ಮತ್ಸ್ಯಗಂಧಿಯ ಬುಟ್ಟಿ

ತರಗತಿಯಲ್ಲಿ ಮಹಾಭಾರತದ ಆದಿಪರ್ವವನ್ನು ಪಾಠ ಹೇಳುವಾಗಲೆಲ್ಲ ಒಂದು ಪ್ರಸಂಗ ನನ್ನನ್ನು ತಡೆದು ನಿಲ್ಲಿಸುತ್ತದೆ. ದಾಶರಾಜನ ಸಾಕುಮಗಳಾದ ಸತ್ಯವತಿ ಯಮುನೆಯಲ್ಲಿ ದೋಣಿ ನಡೆಸುವವಳು. ಮೈಯ ಮೀನುವಾಸನೆಯಿಂದ ಮತ್ಸ್ಯಗಂಧಿ ಎನಿಸಿಕೊಂಡವಳು. ಪರಾಶರನ ವರದಿಂದ ಆ ವಾಸನೆ ಕಳೆದು ಅವಳು ಯೋಜನಗಂಧಿಯಾದಳು; ಆ ಪರಿಮಳದ ಜಾಡನ್ನು ಹಿಡಿದೇ ಶಂತನು ಅವಳ ಬಳಿಗೆ ಬಂದನು. ಮೀನಿನ ವಾಸನೆಯನ್ನು ಕಳೆದುಕೊಂಡಲ್ಲದೆ ಹೆಣ್ಣಿಗೆ ಮನ್ನಣೆಯಿಲ್ಲವೆಂಬುದೇ ಕಥೆಯ ಇಂಗಿತವೋ ಏನೋ!

ಈ ಮಾತು ಪುರಾಣದೊಡನೆಯೇ ಮುಗಿಯಿತೆನ್ನುವಂತಿಲ್ಲ. ಕೆಲವು ತಿಂಗಳ ಹಿಂದೆ ನಾನು ಕುಮಟೆಯ ಕಡೆಗೆ ಹೊರಟಿದ್ದ ಬಸ್ಸಿಗೆ ನಡುವಯಸ್ಸಿನ ಹೆಂಗಸೊಬ್ಬಳು ಮೀನಿನ ಬುಟ್ಟಿಯೊಡನೆ ಹತ್ತಲು ಬಂದಳು. ಬುಟ್ಟಿಯಿಂದ ನೀರು ಸೋರುತ್ತದೆ, ನಾತ ಬರುತ್ತದೆ ಎಂದು ಕಂಡಕ್ಟರು ಅವಳನ್ನು ಕೆಳಗಿಳಿಸಿದನು. ಒಳಗಿದ್ದ ನಾವಾರೂ ತುಟಿ ಬಿಚ್ಚಲಿಲ್ಲ. ನಮ್ಮಲ್ಲಿ ಅನೇಕರು ಆ ಮಧ್ಯಾಹ್ನ ಮೀನುಸಾರಿನ ಊಟ ಮಾಡಿರಬೇಕು, ನಾನಂತೂ ಮಾಡಿದೆನು. ಅನ್ನವನ್ನುಂಡು, ಅದನ್ನು ತಂದವಳನ್ನು ದಾರಿಯಲ್ಲಿ ಬಿಟ್ಟುಬಂದ ಅಳುಕು ಇನ್ನೂ ಹೋಗಿಲ್ಲ.

ನಮ್ಮ ನುಡಿಯೂ ಈ ಮರೆವಿನಿಂದ ಹೊರತಲ್ಲ. ಹಳಗನ್ನಡದಲ್ಲಿ ಬೆಸ್ತನಿಗೆ ‘ಮೀಂಗುಲಿಗ’ ಎಂಬ ಹೆಸರುಂಟು. ಮೀನನ್ನು ಕೊಲ್ಲುವವನು ಎಂದು ಅದರ ಅರ್ಥ. ತಕಳಿ ಶಿವಶಂಕರ ಪಿಳ್ಳೆಯವರು 1956ರಲ್ಲಿ ಪ್ರಕಟಿಸಿದ ‘ಚೆಮ್ಮೀನ್’ ಕಾದಂಬರಿಯಲ್ಲಿ ಮೀನು ಮಾರುವ ಹೆಂಗಸರಿದ್ದಾರೆ; ಆದರೆ ಓದುಗರ ಮನಸ್ಸಿನಲ್ಲಿ ಉಳಿದುದು, ದಡದಲ್ಲಿರುವ ಹೆಂಡತಿಯ ಶೀಲವೇ ಕಡಲಿಗಿಳಿದ ಗಂಡನನ್ನು ಕಾಯುತ್ತದೆ ಎಂಬ ನಂಬಿಕೆ. ಹೆಣ್ಣಿನ ಶೀಲಕ್ಕೆ ಇಷ್ಟೊಂದು ಬೆಲೆ ಕಟ್ಟಿದ ನಾವು ಅವಳ ದುಡಿಮೆಗೆ ಎಷ್ಟು ಕಟ್ಟಿದ್ದೇವೆ?

ಮೀನು ಬಲೆಗೆ ಬಿದ್ದ ಮಾತ್ರಕ್ಕೆ ಆಹಾರವಾಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಗುವ ವಸ್ತು ಅದು. ಅದನ್ನು ಆರಿಸಿ, ಹೊತ್ತು, ಮಾರಿ, ಮಿಕ್ಕುದನ್ನು ಉಪ್ಪು ಹಾಕಿ ಒಣಗಿಸಿದಾಗಲೇ ಅದು ಅನ್ನದ ಜೊತೆಗೆ ಬರುವುದು. ಕನ್ನಡ ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರ ಮೊದಲಾದ ಸಮುದಾಯಗಳಲ್ಲಿ ಕಡಲು ಗಂಡಸಿನದು. ದಡದಿಂದ ಒಲೆಯವರೆಗಿನ ದಾರಿಯೆಲ್ಲ ಹೆಂಗಸಿನದು. ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾವ ಮನೆಗೆ ಈ ವಾರ ಸಾಲ ಕೊಡಬೇಕು ಎಂಬುದೆಲ್ಲ ಬುಟ್ಟಿ ಹೊತ್ತವಳಿಗೆ ಬಾಯಿಪಾಠ. ಅಳಿಯಸಂತಾನದ ಪದ್ಧತಿಯಿದ್ದ ಮೊಗವೀರರಲ್ಲಿ ಮನೆತನದ ಎಳೆ ಹೆಣ್ಣಿನ ಮೂಲಕವೇ ಹರಿಯಿತು. ಮೀನು ಮಾರಿದ ದುಡ್ಡಿನ ಚೀಲವೂ ಅವಳ ಸೊಂಟದಲ್ಲಿಯೇ ಇರುತ್ತಿತ್ತು.

ಈ ವ್ಯವಸ್ಥೆಗೆ ಪೆಟ್ಟು ಬಿದ್ದುದು ಬಲೆ ಬದಲಾದಾಗ. ಹಿಂದೆ ರಂಪಣಿ ಬಲೆಯನ್ನು ಹತ್ತಾರು ಜನ ಕೂಡಿ ದಡದಿಂದಲೇ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ಮನೆಯ ಮುಂದಿನ ಮರಳಿಗೇ ಬಂದು ಬೀಳುತ್ತಿದ್ದವು. ಹೆಂಗಸರು ಅಲ್ಲಿಂದಲೇ ಬುಟ್ಟಿ ತುಂಬಿಕೊಳ್ಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳೊಡನೆ ಪರ್ಸೀನ್ ಬಲೆ ಬಂದಿತು. ರಂಪಣಿ ಹಿಂದೆ ಸರಿಯಿತು. ಮೀನು ಈಗ ಮಲ್ಪೆ, ಮಂಗಳೂರಿನಂಥ ಬಂದರುಗಳಲ್ಲಿ ರಾಶಿಯಾಗಿ ಇಳಿದು, ಏಲಂ ಆಗಿ, ಮಂಜುಗಡ್ಡೆಯೊಡನೆ ಲಾರಿ ಹತ್ತುತ್ತದೆ. ಬೂತಾಯಿಯಂಥ ಬಡವರ ಮೀನಿನ ಒಂದು ಪಾಲು ಹಿಟ್ಟಾಗಿ ಕೋಳಿಗೂ ಸಾಕಣೆಯ ಸಿಗಡಿಗೂ ಮೇವಾಗುತ್ತದೆ. ಸಾವಿರ ರೂಪಾಯಿಯ ಬಂಡವಾಳದ ಬುಟ್ಟಿಯವಳು ಲಕ್ಷದ ವ್ಯಾಪಾರಿಯೊಡನೆ ಏಲಂ ಕೂಗಲು ಸಾಧ್ಯವೆ? ಬಂದರು ಮನೆಯಿಂದ ದೂರವಾದುದರಿಂದ ಅವಳಿಗೆ ಬಸ್ಸು ಬೇಕಾಯಿತು. ಬಸ್ಸಿನಲ್ಲಿ ಏನಾಗುತ್ತದೆಂಬುದನ್ನು ಆಗಲೇ ಹೇಳಿದೆ.

ನಷ್ಟ ಅವಳೊಬ್ಬಳದೆಂದು ತಿಳಿಯಬಾರದು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಗಾಲದಲ್ಲಿ ಬಡವನ ಗಂಜಿಗೆ ರುಚಿಯೂ ಸತ್ತ್ವವೂ ಒದಗುವುದು ಬೇಸಗೆಯಲ್ಲಿ ಹೆಂಗಸರು ಒಣಗಿಸಿಟ್ಟ ಮೀನಿನಿಂದ. ಘಟ್ಟದ ಮೇಲಣ ಸಂತೆಗಳಿಗೂ ತೋಟದ ಕೂಲಿಗಳ ಬಿಡಾರಗಳಿಗೂ ಅದು ಹೋಗುತ್ತದೆ. ಮುಳ್ಳುಸಹಿತ ತಿನ್ನುವ ಸಣ್ಣ ಮೀನಿನಲ್ಲಿ ಮಕ್ಕಳ ಎಲುಬಿಗೆ ಬೇಕಾದ ಸುಣ್ಣದಂಶವಿದೆ. ದೊಡ್ಡ ಮೀನು ಪರದೇಶಕ್ಕೆ ಹೋದರೂ ಈ ಸಣ್ಣ ಮೀನು ಊರಿನಲ್ಲೇ ಉಳಿದು ಊರನ್ನು ಸಾಕುತ್ತಿತ್ತು. ಹಾಗೆ ಉಳಿಸುತ್ತಿದ್ದುದು ಬುಟ್ಟಿ.

ಬಲೆಯೂ ದೋಣಿಯೂ ಇಲ್ಲದ ಮೀನುಗಾರಿಕೆಯೂ ಒಂದುಂಟು. ಕುಮಟೆಯ ಹತ್ತಿರ ಅಘನಾಶಿನಿ ಕಡಲನ್ನು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಬಳಚು ಮೊದಲಾದ ಚಿಪ್ಪಿಮೀನುಗಳನ್ನು ಆಯುತ್ತಾರೆ. ಮನೆಗೆ ಸಾಕಾದುದು ಮನೆಗೆ, ಮಿಕ್ಕುದು ಪೇಟೆಗೆ. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಇಲ್ಲಿಯೇ ಇವೆ. ಅಕ್ಕಿಯೂ ಮೀನೂ ಒಂದೇ ನೀರಿನ ಕೊಡುಗೆ. 2024ರಲ್ಲಿ ರಾಮ್ಸರ್ ಜೌಗುಭೂಮಿಗಳ ಪಟ್ಟಿಯಲ್ಲಿ ಅಘನಾಶಿನಿಯ ಹೆಸರು ಸೇರಿದ ಸುದ್ದಿ ಬಂದಿತು. ಅಳಿವೆಗೆ ದೊರೆತ ಈ ಗೌರವ ಅದರ ಕೆಸರಿನಲ್ಲಿ ನಿಂತವಳಿಗೂ ದೊರೆಯಬೇಡವೆ?

ಲೋಕವಂತೂ ಲೆಕ್ಕವನ್ನು ತಿದ್ದಿಕೊಳ್ಳತೊಡಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಮೀನುಗಾರಿಕೆಗಾಗಿ ರೂಪಿಸಿದ ಮಾರ್ಗಸೂಚಿಯಲ್ಲಿ ಆಹಾರಭದ್ರತೆಯೂ ಸ್ತ್ರೀಪುರುಷ ಸಮಾನತೆಯೂ ಒಟ್ಟಿಗೆ ಸೇರಿವೆ. ಅದೇ ಸಂಸ್ಥೆ ಇತರರೊಡನೆ ಕೂಡಿ 2023ರಲ್ಲಿ ಹೊರತಂದ ವರದಿಯಂತೆ, ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಕನಿಷ್ಠ 40 ಪಾಲು, ನೂರಕ್ಕೆ, ಸಣ್ಣ ಮೀನುಗಾರರದು. ಈ ಕಸುಬಿನಲ್ಲಿ ತೊಡಗಿರುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು. ಹಿಡಿಯುವುದನ್ನು ಮಾತ್ರವಲ್ಲದೆ ಒಣಗಿಸುವುದನ್ನೂ ಮಾರುವುದನ್ನೂ ಎಣಿಸಿದಾಗ ಕಾಣಿಸಿಕೊಂಡ ಸಂಖ್ಯೆ ಇದು.

ಇದರಿಂದ ನಾವು ಮಾಡಬೇಕಾದುದು ಬಹು ದೊಡ್ಡದೇನಲ್ಲ. ಬಂದರಿನಲ್ಲಿ ಸಣ್ಣ ಮಾರಾಟಗಾರ್ತಿಯರಿಗೆ ಮೊದಲು ಸಿಗುವ ಒಂದಿಷ್ಟು ಮೀನು, ಹಿಡಿ ಮಂಜುಗಡ್ಡೆ, ಒಣಗಿಸಲು ಶುಚಿಯಾದ ಜಾಗ, ಪೇಟೆಯಲ್ಲಿ ನೆರಳು, ಬಸ್ಸಿನಲ್ಲಿ ಬುಟ್ಟಿಗೊಂದು ಎಡೆ. ಇವು ದಯೆಯಲ್ಲ, ಉಂಡವರು ತೀರಿಸಬೇಕಾದ ಋಣ. ಮತ್ಸ್ಯಗಂಧಿ ರಾಣಿಯಾಗಲು ತನ್ನ ವಾಸನೆಯನ್ನು ಬಿಡಬೇಕಾಯಿತು. ಇಂದಿನ ಮತ್ಸ್ಯಗಂಧಿ ಅರಮನೆಯನ್ನು ಕೇಳುತ್ತಿಲ್ಲ. ತನ್ನ ವಾಸನೆಯೊಡನೆಯೇ, ತನ್ನ ಬುಟ್ಟಿಯೊಡನೆಯೇ, ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳಲು ಕೇಳುತ್ತಿದ್ದಾಳೆ. ಮುಂದಿನ ಸಲ ನಾನು ತುಟಿ ಬಿಚ್ಚಬೇಕು.