ಮಗುವಿನ ಹಟದ ಹಿಂದೆ: ಮನೆಯ ಮಡಿಲು, ಶಾಲೆಯ ಮಾತು

ತರಗತಿಯಲ್ಲಿ ಒಂದು ಗಳಿಗೆಯೂ ಸುಮ್ಮನೆ ಕೂರದ, ಪಕ್ಕದವರನ್ನು ಹೊಡೆಯುವ, ಮಾತನಾಡಿಸಿದರೆ ಮುಖ ತಿರುಗಿಸುವ ಮಗುವಿಗೆ ‘ಪೋಕರಿ’ ಎಂಬ ಹಣೆಪಟ್ಟಿ ಹಚ್ಚುವುದು ಸುಲಭ. ಇಂತಹ ವರ್ತನೆಗೆ ಹುಟ್ಟುಸ್ವಭಾವ, ಶ್ರವಣದೋಷ, ಕಲಿಕೆಯ ತೊಡಕು ಮುಂತಾದ ಹಲವು ಕಾರಣಗಳಿರಬಹುದು. ಆದರೆ ಬಹಳಷ್ಟು ಸಲ ಗಮನಕ್ಕೆ ಬಾರದೇ ಉಳಿಯುವ ಕಾರಣ ಇನ್ನೊಂದಿದೆ. ದೊಡ್ಡವರಿಂದ ಏನನ್ನು ನಿರೀಕ್ಷಿಸಬಹುದು ಎಂದು ಆ ಮಗು ಈವರೆಗೆ ಕಲಿತಿದೆಯೋ ಅದು ಅದರ ವರ್ತನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ನಿರೀಕ್ಷೆಗೆ ಅಡಿಪಾಯ ಹಾಕುವುದು ಮನೆ. ಅದನ್ನು ತಿದ್ದುವ ಅವಕಾಶ ಶಾಲೆಗಿದೆ.

ಮೊದಲ ಬಾಂಧವ್ಯ

ತಾಯಿ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರೊಂದಿಗೆ ನಿರಂತರವಾದ, ಆಪ್ತವಾದ ಸಂಬಂಧವು ಎಳೆಯ ಮಗುವಿನ ಮಾನಸಿಕ ಆರೋಗ್ಯಕ್ಕೆ ಅತ್ಯಗತ್ಯವೆಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ಪ್ರತಿಪಾದಿಸಿದರು. ಅವರ ಸಹೋದ್ಯೋಗಿಯಾಗಿದ್ದ ಮೇರಿ ಐನ್ಸ್‌ವರ್ತ್ ಉಗಾಂಡಾದಲ್ಲಿ, ಬಳಿಕ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ-ಮಕ್ಕಳ ಒಡನಾಟವನ್ನು ಗಮನಿಸಿದರು. ವರ್ಷದ ಆಸುಪಾಸಿನ ಮಗುವನ್ನು ಅಪರಿಚಿತ ಕೋಣೆಯಲ್ಲಿ ಬಿಟ್ಟು ತಾಯಿ ಕೆಲ ನಿಮಿಷ ಹೊರಹೋಗಿ ಮರಳುವುದು ಅವರ ಪ್ರಯೋಗ. ಅತ್ತಾಗ ಓಗೊಡುವ ತಾಯಿಯಿದ್ದ ಮಕ್ಕಳು ಸಾಮಾನ್ಯವಾಗಿ ಆಕೆ ಬಂದ ಮೇಲೆ ಬೇಗ ಸಮಾಧಾನಗೊಂಡು ಆಟಕ್ಕೆ ಮರಳುತ್ತಿದ್ದವು. ಕೆಲವು ಮಕ್ಕಳು ತಾಯಿಯತ್ತ ಗಮನವನ್ನೇ ಹರಿಸುತ್ತಿರಲಿಲ್ಲ. ಇನ್ನು ಕೆಲವು ಅಪ್ಪಿಕೊಳ್ಳುತ್ತಲೇ ಸಿಟ್ಟಿನಿಂದ ತಳ್ಳುತ್ತಿದ್ದವು.

ಹಾಗೆಂದು ಉದ್ಯೋಗಕ್ಕೆ ಹೋಗುವ ತಾಯಂದಿರು ಅಳುಕಬೇಕಿಲ್ಲ. ತಂದೆ, ಅಜ್ಜ, ಅಜ್ಜಿ ಹೀಗೆ ಹಲವರೊಂದಿಗೆ ಮಗು ಬಾಂಧವ್ಯ ಬೆಳೆಸಿಕೊಳ್ಳಬಲ್ಲದು. ನೋಡಿಕೊಳ್ಳುವವರು ಪದೇ ಪದೇ ಬದಲಾಗದಿರುವುದು ಮುಖ್ಯ.

ರುಮೇನಿಯಾದ ಪಾಠ

ಇಂತಹ ಬಾಂಧವ್ಯವೇ ದೊರೆಯದಿದ್ದರೆ ಏನಾದೀತು? 1989ರಲ್ಲಿ ಚೌಸೆಸ್ಕು ಆಡಳಿತ ಪತನಗೊಂಡಾಗ ರುಮೇನಿಯಾದ ಸರ್ಕಾರಿ ಅನಾಥಾಲಯಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ರಾಜಧಾನಿ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನದಲ್ಲಿ ಇಂತಹ 136 ಮಕ್ಕಳ ಪೈಕಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆಯ್ದು ಸಾಕು ಕುಟುಂಬಗಳಿಗೆ ಒಪ್ಪಿಸಲಾಯಿತು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರಲ್ಲಿ ಭದ್ರವಾದ ಬಾಂಧವ್ಯ ಬೆಳೆಯುವ ಸಾಧ್ಯತೆ ಹೆಚ್ಚಾಗಿತ್ತು. ಸಾಕು ಕುಟುಂಬಗಳಲ್ಲಿ ಬೆಳೆದವರಲ್ಲಿ ಆತಂಕ, ಖಿನ್ನತೆ ಕಡಿಮೆ ಕಂಡುಬಂದವು. ಆದರೆ ಅತಿಚಟುವಟಿಕೆ, ಗಮನದ ಕೊರತೆ ಅಷ್ಟಾಗಿ ತಗ್ಗಲಿಲ್ಲ.

ಶಿಕ್ಷಕರ ಪಾತ್ರ

ಮನೆಯಲ್ಲಿ ಕಲಿತ ನಿರೀಕ್ಷೆಯನ್ನು ಮಗು ಶಾಲೆಗೂ ಹೊತ್ತು ತರುತ್ತದೆ. ದೊಡ್ಡವರನ್ನು ನಂಬದ ಮಗು ಶಿಕ್ಷಕರನ್ನು ಕೆಣಕುತ್ತದೆ, ಶಿಕ್ಷಕರು ಗದರುತ್ತಾರೆ, ‘ಇವರೂ ಹಾಗೆಯೇ’ ಎಂಬ ಅದರ ಎಣಿಕೆ ಗಟ್ಟಿಯಾಗುತ್ತದೆ. ಅಮೆರಿಕದ ಬ್ರಿಜೆಟ್ ಹ್ಯಾಮ್ರೆ ಮತ್ತು ರಾಬರ್ಟ್ ಪಿಯಾಂಟಾ 179 ಮಕ್ಕಳನ್ನು ಶಿಶುವಿಹಾರದಿಂದ ಎಂಟನೇ ತರಗತಿಯವರೆಗೆ ಅನುಸರಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಿಶುವಿಹಾರದ ಶಿಕ್ಷಕರೊಂದಿಗಿನ ಜಟಾಪಟಿಗೂ ಮುಂದಿನ ವರ್ಷಗಳ ಕಲಿಕೆ, ನಡತೆಗಳಿಗೂ ನಂಟಿರುವುದು ಅದರಲ್ಲಿ ಕಂಡುಬಂದಿತು. ಮೊದಲೇ ವರ್ತನೆಯ ತೊಂದರೆಯಿದ್ದ ಮಕ್ಕಳಲ್ಲಿ ಈ ನಂಟು ಹೆಚ್ಚು ಸ್ಪಷ್ಟವಾಗಿತ್ತು.

ಇದರ ಇನ್ನೊಂದು ಮುಖ ಆಶಾದಾಯಕವಾಗಿದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಅಧ್ಯಯನ ಮಾಡಿದರು. ಬಡತನ, ಕೌಟುಂಬಿಕ ಕಲಹಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಸಮರ್ಥ ವ್ಯಕ್ತಿಗಳಾಗಿ ರೂಪುಗೊಂಡಿತು. ಅವರಿಗೆ ಆಸರೆಯಾದವರಲ್ಲಿ ಅಜ್ಜ-ಅಜ್ಜಿಯರಂತೆಯೇ ಮೆಚ್ಚಿನ ಶಿಕ್ಷಕರೂ ಇದ್ದರು.

ಮಾಡಬಹುದಾದುದೇನು?

ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ನೀಡುವುದನ್ನು ನಿಷೇಧಿಸಿದೆ. ಕಾನೂನು ಬೆತ್ತವನ್ನು ತಡೆಯಬಹುದು, ವಿಶ್ವಾಸವನ್ನು ಮೂಡಿಸಲಾರದು. ಅದಕ್ಕೆ ಸಮಯ ಬೇಕು. ವಾರಕ್ಕೆ ಕೆಲವು ಬಾರಿ ಹತ್ತು ನಿಮಿಷ ಮಗುವಿನೊಂದಿಗೆ, ಅದು ಆರಿಸಿಕೊಂಡ ಆಟದಲ್ಲಿ, ಪಾಠದ ಗೊಡವೆಯಿಲ್ಲದೆ ಕಳೆಯುವ ವಿಧಾನವನ್ನು ಪಿಯಾಂಟಾ ರೂಪಿಸಿದ್ದಾರೆ. ಉಳಿತಾಯ ಖಾತೆಯ ಹಣದಂತೆ ಈ ವಿಶ್ವಾಸ ಜಗಳದ ದಿನ ನೆರವಿಗೆ ಬರುತ್ತದೆ. ತಪ್ಪನ್ನು ಖಂಡಿಸುವಾಗ ಮಗುವನ್ನೇ ಹಳಿಯದಿರುವುದು, ಗದರಿದ ದಿನವೇ ಮತ್ತೆ ಅಕ್ಕರೆಯಿಂದ ಮಾತನಾಡಿಸುವುದು ಯಾವ ಶಾಲೆಯಲ್ಲೂ ಸಾಧ್ಯ. ಪೋಷಕರೂ ಮಗುವಿನ ಕಣ್ಣುತಪ್ಪಿಸಿ ಶಾಲೆಯ ಬಾಗಿಲಿನಿಂದ ಜಾರಿಕೊಳ್ಳದೆ, ಹೇಳಿ ಹೊರಟು, ಹೇಳಿದ ವೇಳೆಗೆ ಮರಳಬೇಕು.

ಎಲ್ಲರ ತಾಳ್ಮೆಗೆಡಿಸಿ ಹಿಂದಿನ ಬೆಂಚು ಸೇರಿದ ಮಗುವಿಗೇ ಆ ಹತ್ತು ನಿಮಿಷದ ಅಗತ್ಯ ಎಲ್ಲರಿಗಿಂತ ಹೆಚ್ಚು.