ಪರದೆಯ ಬುಡ ನೋಡುವ ಕಣ್ಣು

ಹೊಟ್ಟೆಯಲ್ಲಿರುವುದು ಅವಳಿ ಎಂದು ಗೊತ್ತಾದರೆ ಮನೆಯವರು ಮೊದಲು ಕೇಳುವುದು, ಎರಡೂ ನೋಡೋಕೆ ಒಂದೇ ಥರ ಇರ್ತಾವಾ ಅಂತ. ಸ್ಕ್ಯಾನ್ ಮಾಡುವ ಡಾಕ್ಟರ ತಲೆಯಲ್ಲಿ ಓಡುತ್ತಿರುವುದು ಬೇರೆ. ಎರಡು ಕೂಸಿಗೆ ಎರಡು ಮಾಸೋ, ಎರಡಕ್ಕೂ ಸೇರಿ ಒಂದೇ ಮಾಸೋ? ಎಷ್ಟು ವಾರಕ್ಕೊಮ್ಮೆ ಸ್ಕ್ಯಾನ್, ಯಾವ ವಾರದಲ್ಲಿ ಹೆರಿಗೆ, ಯಾವ ಅಪಾಯದ ಮೇಲೆ ಕಣ್ಣಿಡಬೇಕು, ಎಲ್ಲವೂ ಇದರ ಮೇಲೆ ನಿಂತಿದೆ.

ಎರಡು ಅಂಡದಿಂದಾದ ಅವಳಿಗೆ ತಲಾ ಒಂದು ಮಾಸು. ಅಪವಾದ ತೀರಾ ಅಪರೂಪ. ಒಂದೇ ಅಂಡ ಒಡೆದು ಎರಡಾದರೆ ಒಡೆದ ದಿನದ ಮೇಲೆ ಲೆಕ್ಕ. ಮೊದಲ ಮೂರು ದಿನದೊಳಗೆ ಒಡೆದರೆ ಮಾಸು ಎರಡು. ನಾಲ್ಕರಿಂದ ಎಂಟು ದಿನದ ನಡುವೆ ಆದರೆ ಮಾಸು ಒಂದು, ನೀರಿನ ಚೀಲ ಎರಡು. ಇನ್ನೂ ತಡವಾದರೆ ಚೀಲವೂ ಒಂದೇ, ಆಗ ಎರಡು ಹೊಕ್ಕುಳಬಳ್ಳಿಗಳು ಒಂದಕ್ಕೊಂದು ಸುತ್ತಿಕೊಳ್ಳುವ ಭಯ. ತದ್ರೂಪಿ ಅವಳಿಗಳಲ್ಲಿ ಮೂರರಲ್ಲೊಂದು ಜೋಡಿಗೆ ಮಾಸು ಬೇರೆ ಬೇರೆಯೇ ಇರುತ್ತದೆ. ಹಾಗಾಗಿ ಮುಖ ಒಂದೇ ಇದ್ದರೆ ಮಾಸೂ ಒಂದೇ ಎನ್ನುವಂತಿಲ್ಲ.

ಇದನ್ನು ಸ್ಕ್ಯಾನಿನಲ್ಲಿ ಓದುವುದು ಸಲೀಸಲ್ಲ. ಎರಡು ಮಾಸು ಅಕ್ಕಪಕ್ಕ ಬೆಳೆದು ಅಂಟಿಕೊಂಡರೆ ಒಂದರಂತೆಯೇ ಕಾಣುತ್ತವೆ. ಬಲ್ಲ ಡಾಕ್ಟರು ಮಾಸನ್ನು ಎಣಿಸಲು ಹೋಗುವುದಿಲ್ಲ. ಎರಡು ಕೂಸಿನ ನಡುವಿನ ಪರದೆ ಮಾಸಿಗೆ ತಾಗುವ ಜಾಗ ಹುಡುಕುತ್ತಾರೆ. ಮಾಸು ಎರಡಿದ್ದರೆ ಆ ಪರದೆಗೆ ನಾಲ್ಕು ಪದರ, ಬುಡದಲ್ಲಿ ಮಾಸಿನ ಅಂಶ ಬೆಣೆಯಂತೆ ಮೇಲೆ ನುಗ್ಗಿ ಸಣ್ಣ ತ್ರಿಕೋನವಾಗಿರುತ್ತದೆ. ಇದಕ್ಕೆ ಲ್ಯಾಂಬ್ಡಾ ಗುರುತು ಎನ್ನುತ್ತಾರೆ. ಮಾಸು ಒಂದೇ ಇದ್ದರೆ ಪರದೆಗೆ ಎರಡೇ ಪದರ. ಕೂದಲೆಳೆಯಷ್ಟು ತೆಳ್ಳಗಿದ್ದು, ಬುಡದಲ್ಲಿ ಬೆಣೆ ಇಲ್ಲದೆ ಮಾಸಿಗೆ ನೇರವಾಗಿ ಬಂದು ನಿಲ್ಲುತ್ತದೆ. ಇದು ಟಿ ಗುರುತು. ಪ್ರೋಬನ್ನು ಒಂದಿಷ್ಟು ವಾಲಿಸಿದರೆ ಬೆಣೆ ಮಾಯ, ಇನ್ನೊಂದಿಷ್ಟು ವಾಲಿಸಿದರೆ ಹಾಜರು. ಅನುಭವಿಗಳು ಪರದೆಯ ಬುಡದ ಉದ್ದಕ್ಕೂ ನಿಧಾನಕ್ಕೆ ಪ್ರೋಬ್ ಆಡಿಸಿ, ಚಿತ್ರ ಹಿಡಿದಿಟ್ಟುಕೊಂಡ ಮೇಲೇ ಮಾತಾಡುವುದು. 11ರಿಂದ 14ನೇ ವಾರದೊಳಗೆ ಇದು ಸ್ಫುಟವಾಗಿ ಕಾಣುತ್ತದೆ. 20ನೇ ವಾರದ ಹೊತ್ತಿಗೆ ಕೆಲವರಲ್ಲಿ ಬೆಣೆ ಕರಗಿ, ಎರಡು ಮಾಸೂ ಒಂದೆಂದು ತೋರಬಹುದು.

ಭಾರತದಲ್ಲಿ ಇದಕ್ಕೆ ಇನ್ನೂ ಒಂದು ತೂಕವಿದೆ. ಒಂದು ಗಂಡು, ಒಂದು ಹೆಣ್ಣು ಎಂದಾದರೆ ಮಾಸು ಎರಡು ಎಂದು ಬೇರೆ ದೇಶಗಳಲ್ಲಿ ವರದಿಯಲ್ಲೇ ಬರೆಯುತ್ತಾರೆ. 1994ರ ಕಾನೂನಿನ ಪ್ರಕಾರ ನಮ್ಮಲ್ಲಿ ಲಿಂಗ ಪತ್ತೆ ಮಾಡುವಂತಿಲ್ಲ, ತಿಳಿಸಲೂ ಬಾರದು. ಉಳಿದದ್ದು ಪರದೆಯ ಬುಡವೇ.

ಒಂದೇ ಮಾಸಿನ ಅವಳಿಗೆ ಇಷ್ಟು ಕಾಳಜಿ ಏಕೆ? ಮಾಸಿನ ಮೇಲೆ ಇಬ್ಬರ ರಕ್ತನಾಳಗಳೂ ಒಂದರೊಳಗೊಂದು ಕೂಡಿಕೊಂಡಿರುತ್ತವೆ. ಜರ್ಮನಿಯ ಫ್ರೀಡ್ರಿಕ್ ಶಾಟ್ಸ್ ಎಂಬ ವೈದ್ಯ 19ನೇ ಶತಮಾನದಲ್ಲೇ ಮಾಸಿನ ನಾಳಗಳಿಗೆ ದ್ರವ ತುಂಬಿಸಿ ಇದನ್ನು ವಿವರಿಸಿದ್ದ. ರಕ್ತದ ಕೊಡುಕೊಳ್ಳುವಿಕೆ ಸಮನಾಗಿದ್ದರೆ ತೊಂದರೆಯಿಲ್ಲ. ನೂರರಲ್ಲಿ 10ರಿಂದ 15 ಜೋಡಿಯಲ್ಲಿ ತಕ್ಕಡಿ ವಾಲುತ್ತದೆ. ಕೊಡುವ ಕೂಸಿಗೆ ರಕ್ತ ಸಾಲದೆ ಮೂತ್ರ ನಿಂತು, ಅದರ ಚೀಲದ ನೀರು ಬತ್ತಿ, ಪರದೆ ಮೈಗೆ ಅಂಟಿಕೊಳ್ಳುತ್ತದೆ. ಪಡೆಯುವ ಕೂಸಿನ ಚೀಲದಲ್ಲಿ ನೀರು ಉಕ್ಕಿ, ಅದರ ಹೃದಯ ಸೋಲತೊಡಗುತ್ತದೆ. ಚಿಕಿತ್ಸೆಯಿಲ್ಲದೆ ಹೋದರೆ ಬಹುಪಾಲು ಎರಡೂ ಉಳಿಯುವುದಿಲ್ಲ. ಆದ್ದರಿಂದಲೇ ಒಂದೇ ಮಾಸಿನವರಿಗೆ 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್. ಒಂದು ಕಡೆ ನೀರಿನ ಆಳ 2 ಸೆಂ.ಮೀ.ಗೂ ಕಡಿಮೆ, ಇನ್ನೊಂದು ಕಡೆ 8 ಸೆಂ.ಮೀ. ದಾಟಿದೆ ಎಂದರೆ ಗಂಟೆ ಬಾರಿಸಿದಂತೆ. ಕೊಡುವ ಕೂಸಿನ ಮೂತ್ರಕೋಶ ತುಂಬುತ್ತಿದೆಯೇ ಎಂದು ಡಾಕ್ಟರು ಕಾದು ನೋಡುತ್ತಾರೆ.

ತಕ್ಕಡಿ ವಾಲಿದ್ದು ಖಚಿತವಾದರೆ ಮುಂದಿನದು ಲೇಸರ್ ಚಿಕಿತ್ಸೆಯ ಕೈಚಳಕ. ತಾಯಿಯ ಹೊಟ್ಟೆಯ ಮೂಲಕ ಎರಡು ಮೂರು ಮಿ.ಮೀ. ದಪ್ಪದ ದರ್ಶಕವನ್ನು ನೀರು ತುಂಬಿದ ಚೀಲಕ್ಕೆ ಇಳಿಸಿ, ಮಾಸಿನ ಮೇಲ್ಮೈಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಓದುತ್ತಾ ಹೋಗಬೇಕು. ಆಮ್ಲಜನಕ ಕಡಿಮೆ ಇರುವ ಧಮನಿ ಕಪ್ಪಗೆ, ಮಾಸಿನಿಂದ ಮರಳುವ ಅಭಿಧಮನಿ ಕೆಂಪಗೆ; ದಾಟುವಲ್ಲಿ ಸಾಮಾನ್ಯವಾಗಿ ಧಮನಿಯೇ ಮೇಲೆ. ಒಂದು ಕೂಸಿನ ಕಪ್ಪು ನಾಳ ಮಾಸಿನೊಳಗೆ ಮುಳುಗಿದಲ್ಲೇ ಇನ್ನೊಂದರ ಕೆಂಪು ನಾಳ ಮೇಲೆದ್ದರೆ ಅದೇ ಸೋರಿಕೆಯ ಜಾಗ. ಲೇಸರ್ ಹಾಯಿಸಿದಾಗ ನಾಳ ಬಿಳುಚಿ ಮುಚ್ಚಿಕೊಳ್ಳುತ್ತದೆ. ಮೊದಲು ಇಂಥ ಜಾಗಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಗದ್ದೆ ಬದುವಿನ ಏಡಿ ಬಿಲಗಳನ್ನು ಒಂದೊಂದಾಗಿ ಮುಚ್ಚಿದರೂ ಕಣ್ಣಿಗೆ ಬೀಳದ್ದೊಂದು ಸೋರುತ್ತಲೇ ಇರುವ ಹಾಗೆ, ಇಲ್ಲಿಯೂ ಸಣ್ಣ ನಾಳ ಉಳಿದುಬಿಡುತ್ತಿತ್ತು. ಈಗ ಬದುವಿನುದ್ದಕ್ಕೂ ಕೆಸರು ಮೆತ್ತಿದಂತೆ, ಮುಚ್ಚಿದ ಬಿಂದುಗಳನ್ನೆಲ್ಲ ಕೂಡಿಸಿ ಇಬ್ಬರ ನಾಳಗಳು ಸೇರುವ ಇಡೀ ಗಡಿಗೆ ಗೆರೆ ಎಳೆಯುತ್ತಾರೆ. ಸಾಲೊಮನ್ ವಿಧಾನವೆಂದು ಇದರ ಹೆಸರು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೊಂದರೆ ಮರುಕಳಿಸುವುದು ಶೇ. 7ರಿಂದ ಶೇ. 1ಕ್ಕೆ ಇಳಿಯಿತು. ಅದಕ್ಕೂ ಮೊದಲು, 2004ರಲ್ಲಿ, ಉಕ್ಕಿದ ಚೀಲದಿಂದ ಬರೀ ನೀರು ತೆಗೆಯುವುದಕ್ಕಿಂತ ಲೇಸರ್ ಮೇಲು ಎಂದು ಯುರೋಪಿನ ಪ್ರಯೋಗ ತೋರಿಸಿತ್ತು: ಕನಿಷ್ಠ ಒಂದು ಕೂಸು ಉಳಿದದ್ದು ಶೇ. 76ರಲ್ಲಿ, ನೀರು ತೆಗೆದವರಲ್ಲಿ ಶೇ. 56. ಎಲ್ಲ ಕೂಸುಗಳೂ ಉಳಿಯುವುದಿಲ್ಲ ಎಂಬುದನ್ನೂ ಅಂಕಿಗಳೇ ಹೇಳುತ್ತವೆ. ಹಾಗಿದ್ದೂ, ನೀರೊಳಗೆ ಮಿ.ಮೀ. ಲೆಕ್ಕದಲ್ಲಿ ನಡೆಯುವ ಈ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ.

ಇಷ್ಟಕ್ಕೆಲ್ಲ ಬುನಾದಿ ಹನ್ನೆರಡನೇ ವಾರದ ಆ ಒಂದು ಚಿತ್ರ. ಅಲ್ಲಿ ತಪ್ಪಿದರೆ ಎರಡು ವಾರಕ್ಕೊಮ್ಮೆ ನೋಡಬೇಕಾದವರನ್ನು ನಾಲ್ಕು ವಾರಕ್ಕೆ ಬನ್ನಿ ಎಂದು ಕಳಿಸಿಬಿಡುತ್ತಾರೆ. ಮನೆಯಲ್ಲಿ ಯಾರಾದರೂ ಅವಳಿ ಬಸುರಿಯಾದರೆ, ವರದಿಯಲ್ಲಿ ಮಾಸು ಒಂದೋ ಎರಡೋ ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ 14ನೇ ವಾರ ದಾಟುವ ಮೊದಲೇ ಹೋಗಿ ಕೇಳಿ, ಆ ಚಿತ್ರವನ್ನು ತಾಯಿ ಕಾರ್ಡಿನ ಜೊತೆ ಜೋಪಾನ ಮಾಡಿಡಿ.