ಮಳೆಗಾಲದ ಪಂದ್ಯ, ಅಂಗೈಯ ಪರದೆ: ಫೋಂಡಾ ನೆಲೆಯಿಂದ ಒಂದು ವಿವೇಚನೆ

ಗೋವೆಯ ಫೋಂಡಾ ತಾಲ್ಲೂಕು ಜುವಾರಿ ಮತ್ತು ಮಾಂಡವಿ ನದಿಗಳ ನಡುವೆ ಹಬ್ಬಿರುವ ಗುಡ್ಡಗಾಡಿನ ಪ್ರದೇಶ. ಮಂಗೇಶಿ, ಮಾರ್ದೋಳ, ಕವಳೆಗಳ ದೇವಾಲಯಗಳ ಮೂಲಕ ನಮ್ಮ ಕರಾವಳಿಯವರಿಗೆ ಈ ನೆಲ ಬಹುಕಾಲದಿಂದ ಪರಿಚಿತ. ಬೆಳಗಾವಿಯಿಂದ ಪಣಜಿಗೆ ಸಾಗುವ ಹೆದ್ದಾರಿ ಫೋಂಡಾ ಪಟ್ಟಣವನ್ನು ಹಾದುಹೋಗುತ್ತದೆ. ಕುಂಡಯಿಂ, ಬೆತೋಡಾ, ಮಡಕಯಿಂ ಕೈಗಾರಿಕಾ ವಸಾಹತುಗಳು ಈ ತಾಲ್ಲೂಕಿನಲ್ಲಿಯೇ ಇವೆ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಬೆಳಗಾವಿ ಜಿಲ್ಲೆಗಳಿಂದ ದುಡಿಮೆಯನ್ನರಸಿ ಗೋವೆಗೆ ಬಂದ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅವರ ಬಾಡಿಗೆಯ ಕೋಣೆಗಳಲ್ಲಿ ಸಂಜೆಯ ವಿರಾಮವೆಂದರೆ ಬಹುಮಟ್ಟಿಗೆ ಕ್ರಿಕೆಟ್, ಕಬಡ್ಡಿ. ಗೋವೆಯ ನೆಲದ ಗುಣದಿಂದ ಈಚೆಗೆ ಫುಟ್‌ಬಾಲ್ ಕೂಡ. 2023ರ ಮಾರ್ಚ್ 18ರಂದು ಮಡಗಾಂವ ಬಳಿಯ ಫಾತೋರ್ಡಾ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವನ್ನು ಆಡಿದ ತಂಡಗಳಲ್ಲಿ ಒಂದು ಬೆಂಗಳೂರು ಎಫ್‌ಸಿ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ವಿರಾಮಕ್ಕೆ ಮಳೆಗಾಲ ಅಡ್ಡಿಯಾಗುತ್ತದೆ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಆ ತಿಂಗಳುಗಳಲ್ಲಿ ಟಿ.ವಿ.ಯ ಚಿತ್ರ ಒಡೆದು ಚೂರಾಗುತ್ತದೆ, ಬಳಿಕ ಪರದೆ ಕಪ್ಪಾಗುತ್ತದೆ. ಆಗ ಕೈಗೆ ಬರುವುದು ಮೊಬೈಲ್. ಟಿ.ವಿ. ಸೋತಲ್ಲಿ ಮೊಬೈಲ್ ಹೇಗೆ ಗೆಲ್ಲುತ್ತದೆ, ಆ ಗೆಲುವಿಗೆ ತೆರಬೇಕಾದ ಬೆಲೆ ಯಾವುದು, ಅದನ್ನು ತೆರುವವರು ಯಾರು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಡಿಶ್ ಏಕೆ ಸೋಲುತ್ತದೆ?

ಮನೆಯ ಮಾಡಿನ ಮೇಲಿನ ಡಿಶ್, ಭೂಮಿಯ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದಿಂದ ಸಂಕೇತಗಳನ್ನು ಪಡೆಯುತ್ತದೆ. ಈ ಸಂಕೇತಗಳು ಕೆಯು ಬ್ಯಾಂಡ್ ಎಂಬ ತರಂಗಪಟ್ಟಿಗೆ ಸೇರಿದವು. ಅವುಗಳ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಇಷ್ಟು ಕಿರಿದಾದ ತರಂಗವನ್ನು ಕೆಲವು ಮಿಲಿಮೀಟರ್ ಗಾತ್ರದ ದಪ್ಪ ಮಳೆಹನಿಗಳು ಹೀರಿಕೊಳ್ಳುತ್ತವೆ ಮತ್ತು ದಿಕ್ಕುಗೆಡಿಸುತ್ತವೆ. ಸೋನೆಮಳೆಯಲ್ಲಿ ಚಿತ್ರ ಉಳಿದು, ಜಡಿಮಳೆಯಲ್ಲಿ ಅಳಿಯುವುದಕ್ಕೆ ಇದೇ ಕಾರಣ. ಹಳೆಯ ಅನಲಾಗ್ ಟಿ.ವಿ.ಯಲ್ಲಿ ಸಂಕೇತ ಕುಗ್ಗಿದಂತೆ ಚಿತ್ರ ಕ್ರಮೇಣ ಮಸುಕಾಗುತ್ತಿತ್ತು. ಡಿಜಿಟಲ್ ಟಿ.ವಿ.ಯಲ್ಲಿ ಹಾಗಿಲ್ಲ, ಸಂಕೇತ ಒಂದು ಮಿತಿಗಿಂತ ಕೆಳಗಿಳಿದರೆ ಚಿತ್ರವೇ ಇಲ್ಲ.

ಫೋಂಡಾದಂತಹ ನೆಲದಲ್ಲಿ ಇನ್ನೊಂದು ತೊಡಕಿದೆ. ಪ್ರಸಾರ ಭಾರತಿಯ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್‌ನ ವಾಹಿನಿಗಳು 93.5 ಡಿಗ್ರಿ ಪೂರ್ವ ರೇಖಾಂಶದ ನೆಲೆಯಲ್ಲಿರುವ ಉಪಗ್ರಹದಿಂದ ಬರುತ್ತವೆ. ಗೋವೆಯಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಸುಮಾರು 60 ಡಿಗ್ರಿ ಎತ್ತರದಲ್ಲಿದೆ. ಮನೆಗೆ ತಾಗಿದಂತೆ ಆ ಬದಿಯಲ್ಲಿ ತೆಂಗು, ಅಡಿಕೆ, ಹಲಸು ಬೆಳೆದಿದ್ದರೆ ನೆನೆದ ಎಲೆಗಳೇ ಸಂಕೇತಕ್ಕೆ ತಡೆಯಾಗುತ್ತವೆ. ಸಾವಯಿ ವೆರೆಂ, ಕೇರಿಗಳಂತಹ ಕುಳಾಗರಗಳ ಊರುಗಳಲ್ಲಿ, ಅಂದರೆ ಅಡಿಕೆ ತೋಟಗಳ ನಡುವೆ ಮನೆಗಳಿರುವ ಕಡೆ, ಈ ತಡೆ ಸಹಜ. ಮಾರ್ಚ್ ಹಾಗೂ ಅಕ್ಟೋಬರಿನ ಆರಂಭದಲ್ಲಿ ಸೂರ್ಯನೇ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುವುದರಿಂದ ಕೆಲವು ದಿನ ಹಗಲಿನಲ್ಲಿ ಕೆಲವು ನಿಮಿಷ ಪ್ರಸಾರ ತಪ್ಪುವುದೂ ಉಂಟು. ಟೆಸ್ಟ್ ಪಂದ್ಯ ನೋಡುವವರಿಗೆ ಇದರ ಅನುಭವವಿರುತ್ತದೆ. ಕೇಬಲ್ ಇದ್ದರೂ ನಿಶ್ಚಿಂತೆಯಿಲ್ಲ. ಗಾಳಿಗೆ ಮರ ಬಿದ್ದು ವಿದ್ಯುತ್ ಹೋದರೆ ಟಿ.ವಿ.ಯೂ ಬೀದಿಯ ಕೇಬಲ್ ಉಪಕರಣವೂ ಒಟ್ಟಿಗೆ ನಿಲ್ಲುತ್ತವೆ.

ಮೊಬೈಲ್ ಏಕೆ ಗೆಲ್ಲುತ್ತದೆ?

ನಮ್ಮ ದೇಶದ ಮೊಬೈಲ್ ಸೇವೆ ಬಳಸುವ ತರಂಗಗಳ ಉದ್ದ ಸುಮಾರು ಎಂಟು ಸೆಂಟಿಮೀಟರಿನಿಂದ ನಲವತ್ತು ಸೆಂಟಿಮೀಟರಿನವರೆಗೆ ಇದೆ. ಮಳೆಹನಿ ಇವುಗಳಿಗೆ ಲೆಕ್ಕಕ್ಕಿಲ್ಲದ ಅಡ್ಡಿ. ಸಂಕೇತ ಬರುವುದೂ ಆಕಾಶದ ಆಚೆಯಿಂದಲ್ಲ, ಕೆಲವೇ ಕಿಲೋಮೀಟರ್ ದೂರದ ಗೋಪುರದಿಂದ. ಫೋನಿಗೆ ತನ್ನದೇ ಬ್ಯಾಟರಿ ಇದೆ. ಗೋಪುರಗಳಿಗೂ ಬ್ಯಾಟರಿಯ ಅಥವಾ ಡೀಸೆಲ್ ಜನರೇಟರಿನ ಆಸರೆ ಇರುತ್ತದೆ. ಆದುದರಿಂದ ವಿದ್ಯುತ್ತಿಲ್ಲದ ಮಳೆಯ ರಾತ್ರಿಯಲ್ಲೂ ಪಂದ್ಯ ಅಂಗೈಯಲ್ಲಿ ಮೂಡುತ್ತದೆ.

ಮೊಬೈಲಿಗೂ ಮಿತಿಗಳಿವೆ. ಉದ್ದವಾದ ತರಂಗಗಳು ಗುಡ್ಡ ಗೋಡೆಗಳನ್ನು ಒಂದಿಷ್ಟು ಬಳಸಿ ಬರಬಲ್ಲವು; 5ಜಿ ಸೇವೆಯ ಗಿಡ್ಡ ತರಂಗಗಳಿಗೆ ಆ ಶಕ್ತಿ ಕಡಿಮೆ. ಗುಡ್ಡದ ಮರೆಯ ತಗ್ಗಿನಲ್ಲಿ, ತಗಡಿನ ಮಾಡಿನ ಕೋಣೆಯ ಒಳಗೆ ಫೋನು 5ಜಿಯಿಂದ 4ಜಿಗೆ ಇಳಿಯುತ್ತದೆ. ಫೋನನ್ನು ಗೋಪುರದ ದಿಕ್ಕಿನ ಕಿಟಕಿಯ ಬಳಿ ಇರಿಸಿದರೆ ವ್ಯತ್ಯಾಸ ಕಾಣುವುದು ಇದೇ ಕಾರಣದಿಂದ.

ಸ್ಟ್ರೀಮಿಂಗ್ ಕೆಲಸ ಮಾಡುವ ಬಗೆ ಹೀಗಿದೆ. ಪಂದ್ಯದ ದೃಶ್ಯವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಲಾಗುತ್ತದೆ. ಒಂದೊಂದು ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ, ಅಂದರೆ ಕೆಲವನ್ನು ಸ್ಥೂಲವಾಗಿ, ಕೆಲವನ್ನು ಸೂಕ್ಷ್ಮವಾಗಿ, ಸಿದ್ಧಪಡಿಸಿ ಇಡಲಾಗುತ್ತದೆ. ಫೋನು ಆಯಾ ಕ್ಷಣದ ವೇಗಕ್ಕೆ ತಕ್ಕ ತುಣುಕನ್ನು ಬೇಡಿ ತರಿಸಿಕೊಳ್ಳುತ್ತದೆ. ಮುಂದಿನ ಕೆಲವು ತುಣುಕುಗಳನ್ನು ಕೂಡಿಟ್ಟುಕೊಂಡೇ ತೋರಿಸತೊಡಗುತ್ತದೆ. ಹೀಗಾಗಿ ಮೊಬೈಲಿನ ಪಂದ್ಯ ಮೈದಾನಕ್ಕಿಂತ ಹಲವು ಸೆಕೆಂಡು ಹಿಂದೆ ಇರುತ್ತದೆ. ಕೆಲವೊಮ್ಮೆ ಅರ್ಧ ನಿಮಿಷವೂ ಆಗಬಹುದು. ಕೇಬಲ್ ಇರುವ ಪಕ್ಕದ ಮನೆಯಲ್ಲಿ ಕೇಕೆ ಎದ್ದ ಮೇಲೆ ನಮ್ಮ ಪರದೆಯಲ್ಲಿ ವಿಕೆಟ್ ಬೀಳುವುದು ಈ ಕಾರಣದಿಂದಲೇ.

ಲೆಕ್ಕಾಚಾರ

ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ದೃಶ್ಯ ನೋಡಿದರೆ 450 ಎಂಬಿ ಡೇಟಾ ಖರ್ಚಾಗುತ್ತದೆ. ಇದು ಸರಳ ಗುಣಾಕಾರ: ಗಂಟೆಗೆ 3600 ಸೆಕೆಂಡು, ಎಂಟು ಬಿಟ್ಟಿಗೆ ಒಂದು ಬೈಟ್. ಮಧ್ಯಮ ಗುಣಮಟ್ಟದ ಚಿತ್ರಕ್ಕೆ ಸುಮಾರು ಇಷ್ಟು ವೇಗ ಬೇಕು. ಟಿ-20 ಪಂದ್ಯ ಮೂರೂವರೆ ಗಂಟೆಗೂ ತುಸು ಹೆಚ್ಚು ಹೊತ್ತು ನಡೆಯುತ್ತದೆ. ದಿನಕ್ಕೆ 1.5 ಜಿಬಿ ನೀಡುವ ಸಾಮಾನ್ಯ ರೀಚಾರ್ಜ್ ಉಳ್ಳವನಿಗೆ ಈ ಗುಣಮಟ್ಟದಲ್ಲಿ ಸಿಗುವ ಅವಧಿ ಮೂರು ಗಂಟೆ ಇಪ್ಪತ್ತು ನಿಮಿಷ ಮಾತ್ರ. ಹಗಲಿನಲ್ಲಿ ಒಂದು ಎಂಬಿಯನ್ನೂ ಮುಟ್ಟದೆ ಉಳಿಸಿದ್ದರೂ ಆಟ ಕೊನೆಯ ಓವರುಗಳಿಗೆ ಬರುವಷ್ಟರಲ್ಲಿ ಡೇಟಾ ತೀರಿರುತ್ತದೆ.

2024ರ ಜೂನ್ 29ರ ಟಿ-20 ವಿಶ್ವಕಪ್ ಅಂತಿಮ ಪಂದ್ಯವನ್ನೇ ತೆಗೆದುಕೊಳ್ಳೋಣ. ಬಾರ್ಬಡೋಸಿನಲ್ಲಿ ನಡೆದ ಆ ಪಂದ್ಯ ನಮ್ಮಲ್ಲಿ ರಾತ್ರಿ 8 ಗಂಟೆಗೆ ಆರಂಭವಾಯಿತು. ಗೋವೆಯಲ್ಲಿ ಅದು ಮುಂಗಾರು ಬಲಿತ ಕಾಲ. ಕರ್ನಾಟಕದ ರಾಹುಲ್ ದ್ರಾವಿಡ್ ಭಾರತ ತಂಡದ ತರಬೇತುದಾರರಾಗಿ ಕಂಡ ಕೊನೆಯ ಪಂದ್ಯವೂ ಅದೇ. ಕೊನೆಯ ಓವರಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಬೇಕಿದ್ದುದು 16 ರನ್; ಮೊದಲ ಎಸೆತದಲ್ಲೇ ಸೂರ್ಯಕುಮಾರ್ ಯಾದವ್ ಬೌಂಡರಿ ಗೆರೆಯ ಅಂಚಿನಲ್ಲಿ ಡೇವಿಡ್ ಮಿಲ್ಲರ್ ಹೊಡೆತವನ್ನು ಹಿಡಿದರು; ಭಾರತ 7 ರನ್ನುಗಳಿಂದ ಗೆದ್ದಿತು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಡೇಟಾ ಮುಗಿಸಿಕೊಂಡವನು ತಪ್ಪಿಸಿಕೊಳ್ಳುವುದು ಇಂತಹ ಕ್ಷಣವನ್ನೇ. ದಿನದ ಪಾಲು ತೀರಿದ ಬಳಿಕ ಸಾಮಾನ್ಯವಾಗಿ ಉಳಿಯುವ ವೇಗ ಸೆಕೆಂಡಿಗೆ 64 ಕಿಲೋಬಿಟ್. ಅದರಲ್ಲಿ ಸಂದೇಶ ಹೋಗಬಹುದು, ಪಂದ್ಯ ಬಾರದು.

ಈ ಲೆಕ್ಕ ತಿಳಿದವರಿಗೆ ಕೆಲವು ವಿವೇಕದ ಮಾರ್ಗಗಳು ಕಾಣುತ್ತವೆ.

ಮೊದಲನೆಯದು, ಗುಣಮಟ್ಟವನ್ನು ನಾವೇ ಗೊತ್ತುಮಾಡುವುದು. ಆಪ್‌ನಲ್ಲಿ ಅದನ್ನು ‘ಆಟೋ’ ಎಂದು ಬಿಟ್ಟರೆ ಸಂಕೇತ ಚೆನ್ನಾಗಿದ್ದಷ್ಟೂ ಫೋನು ಮೇಲಿನ ಗುಣಮಟ್ಟಕ್ಕೆ ಏರುತ್ತದೆ, ಡೇಟಾ ಅಷ್ಟೇ ಬೇಗ ಕರಗುತ್ತದೆ. ಕನಿಷ್ಠ ಗುಣಮಟ್ಟದಲ್ಲಿ, ಸೆಕೆಂಡಿಗೆ 0.4 ಮೆಗಾಬಿಟ್ ಎಂದು ಹಿಡಿದರೆ, ಗಂಟೆಗೆ 180 ಎಂಬಿ ಸಾಕು. ಇಡೀ ಪಂದ್ಯ 700 ಎಂಬಿಯೊಳಗೆ ಮುಗಿಯುತ್ತದೆ. ಆದರೆ ಹುಲ್ಲಿನ ಹಾಸು, ಜನಸಾಗರ, ಓಡುವ ಕ್ಯಾಮೆರಾ ಇವೆಲ್ಲ ಕೂಡಿದ ದೃಶ್ಯವನ್ನು ಹಿಂಡುವುದು ಕಷ್ಟ; ಕನಿಷ್ಠ ಗುಣಮಟ್ಟದಲ್ಲಿ ಚೆಂಡು ಮಸುಕಾಗುತ್ತದೆ. ಆರಂಭದ ಓವರುಗಳನ್ನು ಕನಿಷ್ಠದಲ್ಲಿ ನೋಡಿ, ಕೊನೆಯ ಐದಾರು ಓವರುಗಳಿಗೆ ಮಧ್ಯಮಕ್ಕೆ ಏರಿಸುವುದು ಒಳ್ಳೆಯ ಹೊಂದಾಣಿಕೆ.

ಎರಡನೆಯದು, ಹಾಟ್‌ಸ್ಪಾಟ್ ಮೂಲಕ ಟಿ.ವಿ.ಗೆ ಪಂದ್ಯ ಹಾಯಿಸುವಾಗಿನ ಎಚ್ಚರ. ಸ್ಮಾರ್ಟ್ ಟಿ.ವಿ. ತನ್ನ ದೊಡ್ಡ ಪರದೆಗೆ ತಕ್ಕಂತೆ ಉನ್ನತ ಗುಣಮಟ್ಟವನ್ನೇ ಬೇಡುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ಎಂದರೆ 1.5 ಜಿಬಿ ನಲವತ್ತು ನಿಮಿಷಕ್ಕೆ ಖಾಲಿ. 5ಜಿಯಲ್ಲಿ ಮಿತಿಯಿಲ್ಲದ ಡೇಟಾ ಎಂಬ ಭರವಸೆಯ ರೀಚಾರ್ಜ್ ಇದ್ದರೂ, ಫೋನು 4ಜಿಗೆ ಇಳಿದ ಹೊತ್ತಿನ ಬಳಕೆ ದಿನದ ಪಾಲಿನಿಂದಲೇ ಕಳೆಯುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು, ಕೂಡಿ ನೋಡುವುದು. ಒಂದು ಕೋಣೆಯ ಐವರು ಐದು ಫೋನುಗಳಲ್ಲಿ ನೋಡಿದರೆ ಐದು ಪಾಲು ಡೇಟಾ. ಒಂದೇ ಫೋನಿನ ಮುಂದೆ ಕುಳಿತರೆ ಒಂದು ಪಾಲು. ಪಂದ್ಯದ ಅರ್ಧಕ್ಕೆ ಫೋನು ಬದಲಿಸಿದರೆ ಹೊರೆಯೂ ಹಂಚಿಹೋಗುತ್ತದೆ. ವಾಟ್ಸ್ಆ್ಯಪ್‌ನ ಚಿತ್ರಗಳು ತಾವಾಗಿಯೇ ಇಳಿಯುವುದನ್ನು ಹಗಲಿನಲ್ಲೇ ತಡೆದಿಡುವುದು ಇದಕ್ಕೆ ಪೂರಕ.

ಕೊನೆಯದು, ಕೇಳುವಿಕೆ. ಧ್ವನಿಗೆ ಡೇಟಾ ಬಹಳ ಕಡಿಮೆ ಸಾಕು. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಧ್ವನಿಗೆ ಗಂಟೆಗೆ 30 ಎಂಬಿಯೂ ಬೇಡ. ಆಕಾಶವಾಣಿ ವೀಕ್ಷಕ ವಿವರಣೆ ನೀಡುವ ಪಂದ್ಯವಾದರೆ, ರೇಡಿಯೋ ಪೆಟ್ಟಿಗೆ ಇದ್ದವರಿಗೆ ಆ ಖರ್ಚೂ ಇಲ್ಲ.

ಬಿತ್ತರವೂ ಬೇಡಿಕೆಯೂ

ಮೇಲಿನ ಲೆಕ್ಕದ ಹಿಂದೆ ಒಂದು ತಾತ್ತ್ವಿಕ ವ್ಯತ್ಯಾಸವಿದೆ. ಪ್ರಸಾರಕ್ಕೆ ಇಂಗ್ಲಿಷಿನಲ್ಲಿರುವ ‘ಬ್ರಾಡ್‌ಕಾಸ್ಟ್’ ಎಂಬ ಪದ ಮೊದಲು ಕೃಷಿಯದು. ಬೀಜವನ್ನು ಹೊಲದ ತುಂಬ ಎರಚಿ ಬಿತ್ತುವುದು ಎಂದು ಅದರ ಅರ್ಥ. ಕನ್ನಡದ ‘ಬಿತ್ತರ’ ಸಂಸ್ಕೃತದ ‘ವಿಸ್ತಾರ’ದ ತದ್ಭವವಾದರೂ ಕಿವಿಗೆ ‘ಬಿತ್ತು’ ಎಂಬುದರ ನೆಂಟನಂತೆ ಕೇಳುವುದು ಸೊಗಸಾದ ಆಕಸ್ಮಿಕ. ಬಿತ್ತರದಲ್ಲಿ ನೋಡುವವರು ಹತ್ತು ಮಂದಿಯಾಗಲಿ, ಹತ್ತು ಕೋಟಿಯಾಗಲಿ, ಕಳುಹಿಸುವ ಸಂಕೇತ ಒಂದೇ. ಹೊಸದಾಗಿ ಒಂದು ಮನೆ ಸೇರಿದರೆ ಯಾರಿಗೂ ಕೊರತೆಯಿಲ್ಲ. ಸ್ಟ್ರೀಮಿಂಗ್ ಇದಕ್ಕೆ ತಿರುವು. ಇಲ್ಲಿ ಪ್ರತಿಯೊಂದು ಫೋನೂ ತನ್ನ ಪಾಲನ್ನು ಬೇರೆಯಾಗಿ ಬೇಡಿ ಪಡೆಯುತ್ತದೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಡಿಸ್ನಿ ಹಾಟ್‌ಸ್ಟಾರ್‌ನಲ್ಲಿ ಒಂದೇ ಕಾಲಕ್ಕೆ 5.9 ಕೋಟಿ ವೀಕ್ಷಕರು ನೋಡುತ್ತಿದ್ದರು ಎಂದರೆ, ಅಷ್ಟು ಕೋಟಿ ಪ್ರತ್ಯೇಕ ಧಾರೆಗಳು ಹರಿಯುತ್ತಿದ್ದವು ಎಂದರ್ಥ.

ಇದರ ಪರಿಣಾಮ ಬಡಾವಣೆಯ ಮಟ್ಟದಲ್ಲಿ ಕಾಣುತ್ತದೆ. ಒಂದು ಗೋಪುರದ ಸಾಮರ್ಥ್ಯವನ್ನು ಅದರ ನೆರಳಿನ ಎಲ್ಲರೂ ಹಂಚಿಕೊಳ್ಳಬೇಕು. ಮಳೆಗೆ ಊರಿನ ಡಿಶ್‌ಗಳೆಲ್ಲ ಒಟ್ಟಿಗೆ ಸೋತಾಗ ಎಲ್ಲರೂ ಒಟ್ಟಿಗೆ ಮೊಬೈಲಿಗೆ ಮೊರೆಹೋಗುತ್ತಾರೆ. ಅತಿ ಅಗತ್ಯದ ಹೊತ್ತೇ ಅತಿ ನೂಕುನುಗ್ಗಲಿನ ಹೊತ್ತಾಗುತ್ತದೆ.

ಸ್ಟ್ರೀಮಿಂಗಿನಿಂದ ಕನ್ನಡಿಗರಿಗೆ ದೊರೆತ ಲಾಭವನ್ನೂ ಹೇಳದಿರಲಾಗದು. ಹೊರರಾಜ್ಯದಲ್ಲಿ ಕೇಬಲ್ ಪ್ಯಾಕಿನೊಳಗೆ ಕನ್ನಡ ಕ್ರೀಡಾವಾಹಿನಿ ಇಲ್ಲದಿದ್ದರೆ ಅದನ್ನು ಬೇರೆಯಾಗಿ ಕೊಳ್ಳಬೇಕು. 2023ರ ಐಪಿಎಲ್ ಅನ್ನು ಜಿಯೋಸಿನೆಮಾ 12 ಭಾಷೆಗಳಲ್ಲಿ ಉಚಿತವಾಗಿ ನೀಡಿತು. ಅವುಗಳಲ್ಲಿ ಕನ್ನಡವೂ ಒಂದು. ಫೋಂಡಾದಲ್ಲಿ ಕುಳಿತವನಿಗೆ ಬೆಂಗಳೂರಿನವನಷ್ಟೇ ಸುಲಭವಾಗಿ ತಾಯ್ನುಡಿಯ ವೀಕ್ಷಕ ವಿವರಣೆ ದೊರೆಯಿತು.

ಹಕ್ಕಿನ ಪ್ರಶ್ನೆ

1995ರಲ್ಲಿ ಸರ್ವೋಚ್ಚ ನ್ಯಾಯಾಲಯ, ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿಯೇ, ತರಂಗಾಂತರಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. 2007ರಲ್ಲಿ ಬಂದ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ತ್ವದ ಕ್ರೀಡೆಗಳ ನೇರಪ್ರಸಾರದ ಸಂಕೇತವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ಹಣ ತೆರಲಾಗದವನಿಗೂ ದೇಶದ ಪಂದ್ಯ ಕಾಣಬೇಕೆಂಬುದು ಅದರ ಆಶಯ. ಆದರೆ ಕಾಯ್ದೆ ಹೆಸರಿಸುವುದು ದೂರದರ್ಶನದ ಭೂಪ್ರಸಾರ ಜಾಲವನ್ನೂ ಅದರ ಡಿಶ್ ಸೇವೆಯನ್ನೂ ಮಾತ್ರ. ಹಂಚಿಕೊಂಡ ಸಂಕೇತ ಅವೆರಡನ್ನು ದಾಟಿ ಖಾಸಗಿ ಕೇಬಲಿಗೆ ಹೋಗಬಾರದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸ್ಪಷ್ಟಪಡಿಸಿತು. ಬಳಿಕ ಭೂಪ್ರಸಾರದ ಹಳೆಯ ಅನಲಾಗ್ ಗೋಪುರಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮುಚ್ಚಿದವು. ಉಳಿದುದು ಡಿಶ್ ಒಂದೇ. ಮಳೆಗೆ ಮೊದಲು ಸೋಲುವುದೂ ಅದೇ. ಹಕ್ಕಿನ ದಾರಿ ಮಂಕಾದಾಗ ತೆರೆದಿರುವ ಮೊಬೈಲಿನ ದಾರಿಯಲ್ಲಿ ಗಂಟೆಗಿಷ್ಟು ಎಂದು ಸುಂಕವಿದೆ. ದಿನಗೂಲಿಯ ಕಾರ್ಮಿಕ ತನ್ನ ರೀಚಾರ್ಜಿನಿಂದ, ವಿದ್ಯಾರ್ಥಿ ತನ್ನ ಪಾಠಕ್ಕೆ ಮೀಸಲಾದ ಡೇಟಾದಿಂದ ಆ ಸುಂಕವನ್ನು ತೆರುತ್ತಾನೆ.

ಪರಿಹಾರ ತಂತ್ರಜ್ಞಾನದಲ್ಲೇ ಮೊಳೆಯುತ್ತಿರುವಂತಿದೆ. ‘ಡೈರೆಕ್ಟ್ ಟು ಮೊಬೈಲ್’ ಎಂಬ ವಿಧಾನದಲ್ಲಿ ಗೋಪುರದಿಂದ ಬಿತ್ತರವಾಗುವ ಒಂದೇ ಸಂಕೇತವನ್ನು ಫೋನುಗಳು ಡೇಟಾ ಇಲ್ಲದೆಯೇ, ರೇಡಿಯೋದಂತೆ, ನೇರವಾಗಿ ಪಡೆಯಬಲ್ಲವು. ಪ್ರಸಾರ ಭಾರತಿ, ಕಾನ್ಪುರದ ಐಐಟಿ ಹಾಗೂ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ದೆಹಲಿ, ಬೆಂಗಳೂರುಗಳಲ್ಲಿ ಇದರ ಪ್ರಯೋಗ ನಡೆಸಿವೆ. ಅದಕ್ಕೆ ತಕ್ಕ ಚಿಪ್ ಫೋನುಗಳಲ್ಲಿ ಬರಬೇಕು, ಗೋಪುರಗಳು ಏಳಬೇಕು, 2007ರ ಕಾಯ್ದೆಯ ಮಾತುಗಳೂ ಹಿಗ್ಗಬೇಕು. ಅಲ್ಲಿಯವರೆಗೆ ಫೋಂಡಾದ ಕೋಣೆಗಳಲ್ಲಿ ಒಂದೇ ಫೋನಿನ ಸುತ್ತ ಐವರು ಕೂಡಿ ಕುಳಿತು, ಕನಿಷ್ಠ ಗುಣಮಟ್ಟದಿಂದ ಆರಂಭಿಸಿ, ಕೊನೆಯ ಓವರಿಗೆಂದು ಡೇಟಾ ಉಳಿಸಿಕೊಳ್ಳುವುದೇ ಕೈಯಲ್ಲಿರುವ ಉಪಾಯ.